ದಂಡ: ಗೋಡೆಯಿಂದ ನೆಲದವರೆಗೆ

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಮಕ್ಕಳಿಗೆ ದಂಡ ಅಪರಿಚಿತವಲ್ಲ. ಕನ್ನಡದ ಗರಡಿಮನೆಯಲ್ಲಿ ಅದು ದಂಡ. ಮರಾಠಿಯ ತಾಲೀಮಿನಲ್ಲಿ ಜೋರ್. ಔಂಧ್ ಸಂಸ್ಥಾನದ ಭವಾನರಾವ್ ಪಂತ ಪ್ರತಿನಿಧಿಯವರು ಶಾಲೆಗಳಲ್ಲಿ ಪ್ರಚುರಪಡಿಸಿದ ಸೂರ್ಯನಮಸ್ಕಾರದಲ್ಲಿಯೂ ಅಂಗೈಗಳು ಮೈಭಾರವನ್ನು ಹೊರುವ ಹಂತಗಳಿವೆ. ಆದರೆ ಪೈಲವಾನರ ದಂಡವನ್ನು ನೋಡಿ ಮೊದಲ ದಿನವೇ ನೆಲಕ್ಕಿಳಿಯುವ ಮಗುವಿನ ಸೊಂಟ ಜೋಲುತ್ತದೆ, ಮಣಿಕಟ್ಟು ನೋಯುತ್ತದೆ, ಸಹಪಾಠಿಗಳು ನಗುತ್ತಾರೆ. ಅಂಥ ಮಗು ಮೈದಾನದಿಂದಲೇ ದೂರವಾಗಬಹುದು. ಆದುದರಿಂದ ಈ ಪಾಠವು ಗೋಡೆಯಿಂದ ಆರಂಭವಾಗಬೇಕು.

ಭಾರದ ಲೆಕ್ಕ

ದೇಹವು ನೆಟ್ಟಗಿದ್ದಷ್ಟೂ ಕೈಗಳ ಮೇಲಿನ ಭಾರ ಕಡಿಮೆ, ಮಲಗಿದಷ್ಟೂ ಹೆಚ್ಚು. ಪೂರ್ಣ ದಂಡದ ಭಂಗಿಯಲ್ಲಿ ಮೈತೂಕದ ಸುಮಾರು ಮೂರರಲ್ಲಿ ಎರಡು ಭಾಗ ಕೈಗಳ ಮೇಲೆ ಬೀಳುತ್ತದೆ; ಮೊಣಕಾಲೂರಿದರೆ ಸುಮಾರು ಅರ್ಧ. 30 ಕಿಲೋ ತೂಕದ ಮಗುವಿಗೆ ಇದು ಕ್ರಮವಾಗಿ 20 ಹಾಗೂ 15 ಕಿಲೋ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

ವಿಧಾನ

1. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಭುಜದ ಮಟ್ಟದಲ್ಲಿ, ಭುಜಗಳಿಗಿಂತ ತುಸು ಅಗಲವಾಗಿ ಊರಬೇಕು.
2. ಹಿಮ್ಮಡಿಯಿಂದ ತಲೆಯವರೆಗೆ ದೇಹ ಒಂದೇ ರೇಖೆಯಲ್ಲಿರಬೇಕು. ಹೊಟ್ಟೆ ಬಿಗಿಯಾಗಿರಲಿ.
3. ಉಸಿರೆಳೆಯುತ್ತ ಮೊಣಕೈ ಮಡಚಿ ಎದೆಯನ್ನು ಗೋಡೆಯ ಸಮೀಪಕ್ಕೆ ತರಬೇಕು. ಮೊಣಕೈಗಳು ರೆಕ್ಕೆಯಂತೆ ಹರಡದೆ ಓರೆಯಾಗಿ ಹಿಂದಕ್ಕೆ ಸಾಗಲಿ.
4. ಉಸಿರು ಬಿಡುತ್ತ ಗೋಡೆಯನ್ನು ಒತ್ತಿ, ತೋಳು ಚಾಚಿ, ಮೊದಲ ಸ್ಥಿತಿಗೆ ಮರಳಬೇಕು.

ಆರಂಭದಲ್ಲಿ 5ರಿಂದ 8 ಬಾರಿಯಂತೆ ಎರಡು ಸುತ್ತು ಸಾಕು. ನಡುವೆ ಒಂದು ನಿಮಿಷ ವಿಶ್ರಾಂತಿ ಇರಲಿ. ಭಂಗಿ ಕೆಡದೆ 12 ಬಾರಿ ಸಾಧ್ಯವಾದ ಮಗು ಮುಂದಿನ ಮೆಟ್ಟಿಲಿಗೆ ಹೋಗಲಿ: ಗೋಡೆ, ಶಾಲೆಯ ಕಟ್ಟೆ, ಮೊಣಕಾಲೂರಿದ ನೆಲ, ಕೊನೆಗೆ ಪೂರ್ಣ ದಂಡ. ಶಹಾಬಾದ್ ಕಲ್ಲಿನ ನೆಲದ ಮೇಲೆ ಧೂಳು ಅಥವಾ ನೀರಿದ್ದರೆ ಕಾಲು ಜಾರುತ್ತದೆ, ಮೊದಲು ಒರೆಸಿಸಬೇಕು. ಬೇಸಿಗೆಯಲ್ಲಿ ಬೆಳಗಿನ ಹೊತ್ತನ್ನೂ ನೆರಳಿನ ಗೋಡೆಯನ್ನೂ ಆರಿಸಿಕೊಳ್ಳಬೇಕು.

ದೋಷ ಮತ್ತು ತಿದ್ದುವಿಕೆ

ಸೊಂಟ ಜೋತರೆ ಅಥವಾ ಮೇಲೆದ್ದರೆ ಹಿಂದಿನ ಮೆಟ್ಟಿಲಿಗೆ ಮರಳಿಸಬೇಕು. ತಲೆ ಮಾತ್ರ ಮುಂದೆ ಬಾಗಿದರೆ ‘ಮೊದಲು ಎದೆ ಬರಲಿ’ ಎನ್ನಬೇಕು. ಕೀಲಿನಲ್ಲಿ ನೋವು ಕಂಡರೆ ಅಭ್ಯಾಸವನ್ನು ನಿಲ್ಲಿಸಬೇಕು. ಸೂಚನೆಗಳು ಚಿಕ್ಕ ಕನ್ನಡ ಕ್ರಿಯಾಪದಗಳಲ್ಲಿರಲಿ: ಊರು, ಮಡಚು, ಒತ್ತು, ಚಾಚು. ಮೈದಾನದಲ್ಲಿ ಮರಾಠಿಯನ್ನೇ ಹೆಚ್ಚಾಗಿ ಕೇಳುವ ಮಗುವಿಗೆ ಈ ಪದಗಳು ಕ್ರಿಯೆಯೊಡನೆಯೇ ಮನಸ್ಸಿನಲ್ಲಿ ನಿಲ್ಲುತ್ತವೆ.

ಮೌಲ್ಯಮಾಪನ

ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಮಾಡುವಾಗ ಇನ್ನೊಬ್ಬರು ಪಕ್ಕದಿಂದ ನೋಡಿ ಸರಿಯಾದವುಗಳನ್ನು ಮಾತ್ರ ಎಣಿಸಲಿ. ಸರಿಯಾದ ಐದು, ತಪ್ಪಾದ ಇಪ್ಪತ್ತಕ್ಕಿಂತ ಮೇಲು.

ಕನ್ನಡದಲ್ಲಿ ‘ದಂಡ’ ಎಂಬುದಕ್ಕೆ ಶಿಕ್ಷೆ ಎಂಬ ಅರ್ಥವೂ ಇದೆ. ತಡವಾಗಿ ಬಂದ ಮಗುವಿನಿಂದ ದಂಡ ಹೊಡೆಸಿದರೆ ಆ ಎರಡು ಅರ್ಥಗಳು ಮಗುವಿನ ಮನಸ್ಸಿನಲ್ಲಿ ಒಂದಾಗುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ತೋಳಿಗೆ ಬಲ ಕೊಡುವ ಅಭ್ಯಾಸವನ್ನು ಮಗು ಅಂಜಿಕೆಯಿಂದಲ್ಲ, ಇಷ್ಟದಿಂದ ಕಲಿಯಬೇಕು.