ಹಳೆಯ ಚದುರಂಗದಾಟದ ಬೆನ್ನುಹತ್ತಿ: ಮೂಲ ಹುಡುಕುವವರಿಗೆ ಆರು ಪಾಠಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳಿಗೆ ಚೆಸ್ ಕಲಿಸುತ್ತ ಕಲಿಸುತ್ತ ಹಳೆಯ ಆಟಗಳ ಮೂಲ ಹುಡುಕುವ ಗೀಳು ಹತ್ತಿತು. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು 1855ರ ಕಲ್ಕತ್ತೆಯ ಒಂದು ಆಟ. ಬಿಳಿ ಕಾಯಿ ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್ ಅವರದು, ಕಪ್ಪು ಕಾಯಿ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಅವರದು. ಇಂದು ಗ್ರುನ್‌ಫೆಲ್ಡ್ ಡಿಫೆನ್ಸ್ ಎನ್ನುವ ಆರಂಭಕ್ಕೆ ಸಿಕ್ಕಿರುವ ಮೊದಲ ದಾಖಲೆ ಇದೇ. ಅದರ ಬೆನ್ನುಹತ್ತಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

1. ಓದಿ ಬಿಡಬೇಡಿ, ಮಣೆಯ ಮೇಲೆ ಆಡಿ ನೋಡಿ

ಆ ಕಾಲದ ಇಂಗ್ಲಿಷ್ ಪತ್ರಿಕೆಗಳು ಮನೆಗಳನ್ನು ಆಯಾ ಆಟಗಾರನ ಕಡೆಯಿಂದ ಎಣಿಸುತ್ತಿದ್ದವು. ಬಿಳಿಯವನಿಗೆ ನಾಲ್ಕನೆಯ ಸಾಲು ಕಪ್ಪಿನವನಿಗೆ ಐದನೆಯದು. ಬಿಳಿಯೇ ಮೊದಲು ನಡೆಸಬೇಕೆಂಬ ಕಟ್ಟಳೆಯೂ ಆಗ ಗಟ್ಟಿಯಾಗಿರಲಿಲ್ಲ. ಹೀಗಾಗಿ ಅಚ್ಚಿನಲ್ಲಿ ಕಂಡ ಪ್ರತಿ ನಡೆಯನ್ನೂ ಕಾಯಿ ಇಟ್ಟು ಆಡಬೇಕು. ನಡೆ ಕೂಡದಿದ್ದರೆ ತಪ್ಪು ಅಲ್ಲೇ ಸಿಗುತ್ತದೆ.

2. ಸೋತ ಆಟವೆಂದು ಬದಿಗೆ ಸರಿಸಬೇಡಿ

ಈ ಆಟದಲ್ಲಿ ಸೋತವರು ಮಹೇಶಚಂದ್ರ. 18ನೇ ನಡೆಯಲ್ಲಿ ಕಾಕ್ರೇನ್ ಕುದುರೆ ಎಫ್7ರ ಪ್ಯಾದೆಯನ್ನು ಹೊಡೆಯಿತು. ಮಹೇಶಚಂದ್ರ ತಮ್ಮ ಕುದುರೆಯನ್ನು ಎ5ಕ್ಕೆ ತಂದು ಮಂತ್ರಿಯ ಮೇಲೆ ಹಾಕಿದರು. ಅಲ್ಲಿಂದ ಮೂರೇ ನಡೆಯಲ್ಲಿ ಮಾತ್. ಬಿಳಿ ಕುದುರೆ ಎಚ್6ಕ್ಕೆ ಜಿಗಿದರೆ ಕುದುರೆಯದೂ ಮಂತ್ರಿಯದೂ ಒಮ್ಮೆಲೇ ಶಹ. ರಾಜ ಮೂಲೆ ಸೇರುತ್ತಾನೆ. ಮಂತ್ರಿ ಜಿ8ಕ್ಕೆ ನುಗ್ಗಿ ಪ್ರಾಣ ಕೊಡುತ್ತಾನೆ, ಆನೆ ಅವನನ್ನು ಹೊಡೆಯಲೇಬೇಕು, ಕುದುರೆ ಎಫ್7ಕ್ಕೆ ಮರಳಿದರೆ ಆಟ ಮುಗಿಯಿತು. ಮಕ್ಕಳಿಗೆ ಈ ಕೊನೆಯೇ ಇಷ್ಟ. ಮೂಲ ಹುಡುಕುವವರಿಗೆ ಬೇಕಾದದ್ದು ಮಾತ್ರ ಕಪ್ಪಿನ ಮೊದಲ ನಾಲ್ಕು ನಡೆಗಳಲ್ಲಿದೆ.

3. ಹೆಸರು ಪಡೆದವರೇ ಮೊದಲಿಗರೆಂದು ನಂಬಬೇಡಿ

ಆಸ್ಟ್ರಿಯಾದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಈ ಆರಂಭವನ್ನು ದೊಡ್ಡ ಪಂದ್ಯಗಳಿಗೆ ತಂದದ್ದು 1922ರಲ್ಲಿ. ಅದಕ್ಕೆ 67 ವರ್ಷ ಮುಂಚೆಯೇ ಅದು ಕಲ್ಕತ್ತೆಯ ಮಣೆಯ ಮೇಲಿತ್ತು. ಗ್ರುನ್‌ಫೆಲ್ಡರ ಸಾಧನೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಮಹೇಶಚಂದ್ರರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳದೆ ಹೋದರೆ ತಪ್ಪು ನಮ್ಮದು.

4. ಆಟಗಾರ ಯಾವ ಕಟ್ಟಳೆಯಲ್ಲಿ ಬೆಳೆದ ಎಂದು ಕೇಳಿ

ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಇದು. ಸ್ವದೇಶಿ ಚದುರಂಗದಲ್ಲಿ ಪ್ಯಾದೆಗೆ ಸಾಮಾನ್ಯವಾಗಿ ಒಂದೇ ಮನೆ, ಮೊದಲ ನಡೆಯಲ್ಲೂ ಅಷ್ಟೇ. ಕ್ಯಾಸಲಿಂಗ್ ಇಲ್ಲ. ಶಹ ತಿನ್ನದ ರಾಜ ಒಮ್ಮೆ ಕುದುರೆಯಂತೆ ಜಿಗಿಯಬಹುದು. ಕೊನೆಯ ಮನೆ ಮುಟ್ಟಿದ ಪ್ಯಾದೆ ಆ ಮನೆಯ ಮೂಲ ಕಾಯಿಯೇ ಆಗುತ್ತದೆ. ಹೀಗೆ ಒಂದೊಂದೇ ಹೆಜ್ಜೆ ಇಟ್ಟು ಬೆಳೆದ ಕೈಗೆ, ಮಹೇಶಚಂದ್ರ ಈ ಆಟದಲ್ಲಿ ಮಾಡಿದಂತೆ, ಜಿ6ಕ್ಕೆ ಪ್ಯಾದೆ ಸರಿಸಿ, ಹಿಂದೆ ಜಿ7ರಲ್ಲಿ ಒಂಟೆಯನ್ನು ಕೂರಿಸುವುದು ಸಹಜ. ಯುರೋಪಿನವರಿಗೆ ವಿಚಿತ್ರವಾಗಿ ಕಂಡ ನಡೆ ಇಲ್ಲಿನವರ ರೂಢಿಯಾಗಿತ್ತು. 'ಇಂಡಿಯನ್ ಡಿಫೆನ್ಸ್' ಎಂಬ ಹೆಸರಿನ ಹಿಂದೆ ಈ ರೂಢಿ ಇದೆ.

5. ಒಂದೇ ಊರಿನಲ್ಲಿ ಹುಡುಕಿ ನಿಲ್ಲಬೇಡಿ

ತಿರುವೆಂಗಡಾಚಾರ್ಯ ಶಾಸ್ತ್ರಿಗಳ ಸಂಸ್ಕೃತ ಕೃತಿಯ ಚದುರಂಗ ಸಮಸ್ಯೆಗಳು ಯುರೋಪಿನ ಕ್ರಮಕ್ಕೆ ಹೊಂದಿಕೊಂಡು 1814ರಲ್ಲೇ ಮುಂಬಯಿಯಲ್ಲಿ ಇಂಗ್ಲಿಷಿಗೆ ಬಂದಿದ್ದವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ತುರಗಗತಿಯ ಬಂಧಗಳನ್ನು ರಚಿಸಿದರು. ಮೂರು ಊರುಗಳನ್ನೂ ಒಟ್ಟಿಗೆ ನೋಡಿದರೆ, ಕಲ್ಕತ್ತೆಯ ಆಟ ಒಬ್ಬನ ಅದೃಷ್ಟವಲ್ಲ, ಬೇರು ಬಿಟ್ಟ ವಿದ್ಯೆ ಎನಿಸುತ್ತದೆ.

6. ಬಾಯಿಮಾತಿಗೂ ಬರಹಕ್ಕೂ ಸಮನಾದ ಗೌರವ ಕೊಡಿ

ಈ ಕೆಲಸಕ್ಕೆ ಗುರುಗಳು ನಮ್ಮ ಸೀಮೆಯಲ್ಲೇ ಇದ್ದಾರೆ. ಹಿಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ 'ಗರತಿಯ ಹಾಡು' ಕೂಡಿಸಿದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ ಮನೆಮನೆಯಿಂದ ತಾಳೆಗರಿ ತಂದು ವಚನಗಳನ್ನು ಅಚ್ಚಿಗಿಳಿಸಿದರು. ಸಿಂದಗಿ ತಾಲ್ಲೂಕಿನ ಯರಗಲ್ಲದ ಸಂಶೋಧಕ ಎಂ.ಎಂ. ಕಲಬುರ್ಗಿ ಆಧಾರವಿಲ್ಲದ ಮಾತನ್ನು ಒಪ್ಪಲಿಲ್ಲ. ನಮ್ಮದೇ ಸೀಮೆಯ ಸಾಲೋಟಗಿಯ ಕ್ರಿ.ಶ. 945ರ ಶಾಸನದಲ್ಲಿ ಅರಸು, ಕಾಲ, ದತ್ತಿ ಎಲ್ಲವೂ ಇವೆ. ಒಂದು ಆಟದ ದಾಖಲೆಗೂ ಅಷ್ಟೇ ಬೇಕು: ಯಾರು, ಎಲ್ಲಿ, ಯಾವಾಗ, ಯಾವ ಕಟ್ಟಳೆಯಲ್ಲಿ.

ಕೊನೆಗೆ ಒಂದು ವಿನಂತಿ. ನಿಮ್ಮ ಊರಿನಲ್ಲಿ ಹಳೆಯ ಪದ್ಧತಿಯ ಚದುರಂಗ ಬಲ್ಲ ಹಿರಿಯರಿದ್ದರೆ ಅವರೆದುರು ಮಣೆ ಹಾಸಿ ಕೂಡಿ. ಪ್ಯಾದೆ ಎಷ್ಟು ಮನೆ ನಡೆಯುತ್ತದೆ, ರಾಜ ಯಾವಾಗ ಜಿಗಿಯುತ್ತಾನೆ, ಪ್ಯಾದೆ ಕೊನೆಗೆ ಏನಾಗುತ್ತದೆ, ಈ ಆಟ ಯಾರಿಂದ ಕಲಿತಿರಿ ಎಂದು ಕೇಳಿ, ಊರು, ತಾರೀಖು ಸಮೇತ ಬರೆದಿಡಿ. ಮಹೇಶಚಂದ್ರರ ಆಟಗಳು ಉಳಿದದ್ದು ಎದುರು ಕೂತವರು ಬರೆದಿಟ್ಟದ್ದರಿಂದ. ನಮ್ಮ ಹಿರಿಯರ ಆಟ ಉಳಿಯಬೇಕಾದರೆ ನಾವೇ ಬರೆಯಬೇಕು.