ಹಳೆಯ ಗಣಕಯಂತ್ರವೂ ಸ್ಥಳ ಬದಲಿಸಿದ ಉಗ್ರಾಣವೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿನ ಯಾವುದೇ ಶಾಲೆಗೆ ದಾನಿಗಳಿತ್ತ ಗಣಕಯಂತ್ರದಲ್ಲಿ 2010ರ ಉಬುಂಟು 10.04 ಉಳಿದಿದ್ದರೆ, ಅದನ್ನು ನವೀಕರಿಸಹೊರಟ ಅಧ್ಯಾಪಕರಿಗೆ ‘404’ ಎಂಬ ದೋಷಸೂಚನೆ ಎದುರಾಗುವುದು. ಅದನ್ನು ಕಂಡು ಯಂತ್ರವೇ ಕೆಟ್ಟಿತೆಂದು ಗುಜರಿಗೆ ಹಾಕುವುದು ದುಡುಕು.

ಲಿನಕ್ಸ್ ವ್ಯವಸ್ಥೆಗೆ ಬೇಕಾದ ತಂತ್ರಾಂಶಗಳು ಅಂತರಜಾಲದ ಉಗ್ರಾಣವೊಂದರಲ್ಲಿರುತ್ತವೆ. ‘ಆಪ್ಟ್’ ಎಂಬುದು ಅವುಗಳನ್ನು ತಂದೊಪ್ಪಿಸುವ ಪಾರುಪತ್ಯಗಾರ. 10.04ರ ಪೋಷಣೆಯು ಸಾಮಾನ್ಯ ಬಳಕೆಯ ಗಣಕಗಳಿಗೆ 2013ರಲ್ಲಿಯೂ ಸರ್ವರ್‌ಗಳಿಗೆ 2015ರಲ್ಲಿಯೂ ಮುಗಿಯಿತು. ಆನಂತರ ಉಗ್ರಾಣವು ‘ಓಲ್ಡ್ ರಿಲೀಸಸ್’ ಎಂಬ ಹಳೆಯ ಆವೃತ್ತಿಗಳ ಭಂಡಾರಕ್ಕೆ ಸಾಗಿತು. ಪಾರುಪತ್ಯಗಾರನು ಮಾತ್ರ ಹಿಂದಿನ ಬಾಗಿಲನ್ನೇ ತಟ್ಟುತ್ತಿರುವನು.

ಪರಿಹಾರಕ್ರಮ ಹೀಗಿದೆ. ಮೊದಲು ಪಾಠದ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಬೇಕು. ಬಳಿಕ ಗಣಕದ ದಿನಾಂಕವನ್ನು ನೋಡಬೇಕು. ಒಳಗಿನ ಪುಟ್ಟ ಬ್ಯಾಟರಿ ಬರಿದಾಗಿ ದಿನಾಂಕ ಹಿಂದಕ್ಕೆ ಸರಿದಿದ್ದರೆ ಉಗ್ರಾಣದ ಸಹಿಯ ಪರೀಕ್ಷೆ ವಿಫಲವಾಗಬಹುದು. ಆಮೇಲೆ ‘ಸೋರ್ಸಸ್ ಲಿಸ್ಟ್’ ಕಡತದ ‘ಆರ್ಕೈವ್’, ‘ಸೆಕ್ಯುರಿಟಿ’ ವಿಳಾಸಗಳೆರಡನ್ನೂ ಹಳೆಯ ಭಂಡಾರದ ವಿಳಾಸಕ್ಕೆ ತಿದ್ದಿ, ‘ಆಪ್ಟ್-ಗೆಟ್ ಅಪ್‌ಡೇಟ್’ ಎಂಬ ಆಜ್ಞೆಯನ್ನು ಕೊಡಬೇಕು. ಸಹಿಯ ಪರೀಕ್ಷೆಯನ್ನು ಮಾತ್ರ ನಿಲ್ಲಿಸಲಾಗದು. ಬಂದ ಸರಕು ಅಸಲಿಯೆಂಬುದಕ್ಕೆ ಅದೇ ಮುದ್ರೆ.

ಆದರೆ ಹಳೆಯ ಭಂಡಾರಕ್ಕೆ ಹೊಸ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಆದುದರಿಂದ ಇದು ತಾತ್ಕಾಲಿಕ ಉಪಾಯವಷ್ಟೆ. ಯಂತ್ರವು ತಾಳುವುದಾದರೆ ಪೋಷಣೆಯುಳ್ಳ ಹೊಸ ಆವೃತ್ತಿಯನ್ನು ಅಳವಡಿಸುವುದೇ ಲೇಸು. ತಾಳದಿದ್ದರೆ ಅಂಕಪಟ್ಟಿ, ಲೆಕ್ಕಪತ್ರಗಳನ್ನು ಅದರಿಂದ ತೆಗೆದು, ಅಂತರಜಾಲದ ಸಂಪರ್ಕವನ್ನು ಕಳಚಿ, ಮಕ್ಕಳ ಬೆರಳಚ್ಚಿನ ಅಭ್ಯಾಸಕ್ಕೆ ಬಿಡಬಹುದು. ದಾಸೋಹಭಾವದಿಂದ ಬಂದ ವಸ್ತುವನ್ನು ವಿವೇಕದಿಂದ ಕಾಪಾಡುವುದೂ ಕಾಯಕವೇ.