ಆಟದ ಗಣಕಯಂತ್ರ: ಬಿಡಿಭಾಗಗಳ ಹೊಂದಾಣಿಕೆ

ನಮ್ಮಲ್ಲಿ ವ್ಯಾಸಂಗ ಮಾಡುವ ತೊಗರ್ಸಿಯ ವಿದ್ಯಾರ್ಥಿಯೊಬ್ಬನು ಕಳೆದ ಬೇಸಗೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನು ಹೊತ್ತು ನಮ್ಮ ಬಳಿಗೆ ಬಂದನು. ಶುಂಠಿಯ ಬೆಳೆಯಿಂದ ಬಂದ ಹಣದಲ್ಲಿ ತಂದೆಯು ಕೊಟ್ಟ ಪಾಲನ್ನು ಹಿಡಿದು ರಾತ್ರಿಯ ಬಸ್ಸಿನಲ್ಲಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದೂರ ಪ್ರಯಾಣ ಮಾಡಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಣಕಯಂತ್ರದ ಬಿಡಿಭಾಗಗಳನ್ನು ಕೊಂಡು ತಂದಿದ್ದನು. ಒಂದೊಂದು ಭಾಗವೂ ಉತ್ತಮವಾದುದೇ. ಆದರೆ ರ‍್ಯಾಮ್ ಪಟ್ಟಿ ಮಾತ್ರ ಮದರ್‌ಬೋರ್ಡಿನ ಸೀಳಿನಲ್ಲಿ ಕೂರಲೊಲ್ಲದು. ಪೊಟ್ಟಣವನ್ನು ತೆರೆದಾಗಿದ್ದುದರಿಂದ ಹಿಂದಿರುಗಿಸುವಂತೆಯೂ ಇರಲಿಲ್ಲ. "ಸ್ವಲ್ಪ ಜೋರಾಗಿ ಒತ್ತಿದರೆ ಕೂರಬಹುದೇ, ಸಾರ್?" ಎಂದು ಅವನು ಕೇಳಿದನು. ಒತ್ತಬಾರದೆಂದು ನಾವು ತಡೆದೆವು. ಏಕೆ ಒತ್ತಬಾರದು, ಕೊಳ್ಳುವ ಮೊದಲೇ ಏನನ್ನು ನೋಡಬೇಕಾಗಿತ್ತು ಎಂಬುದೇ ಈ ಲೇಖನದ ವಿಷಯ.

ಬಿಡಿಭಾಗಗಳ ಹೊಂದಾಣಿಕೆಯನ್ನು ನಾಲ್ಕು ಪ್ರಶ್ನೆಗಳಾಗಿ ವಿಂಗಡಿಸಬಹುದು. ಒಂದು ಭಾಗವು ಇನ್ನೊಂದರಲ್ಲಿ ಕೂರುವುದೆ? ಕುಳಿತ ಮೇಲೆ ಅವುಗಳಿಗೆ ಪರಸ್ಪರ ಸಂಕೇತ ತಿಳಿಯುವುದೆ? ಎಲ್ಲಕ್ಕೂ ಸಾಕಾಗುವಷ್ಟು ವಿದ್ಯುತ್ತು ದೊರೆಯುವುದೆ? ಕೊನೆಯದಾಗಿ, ಅವುಗಳ ವೇಗಗಳು ಒಂದಕ್ಕೊಂದು ತಕ್ಕಂತಿವೆಯೆ?

1. ಆಕಾರ

ಮೊದಲು ಪ್ರೊಸೆಸರನ್ನೂ ಮದರ್‌ಬೋರ್ಡನ್ನೂ ನೋಡೋಣ. ಪ್ರೊಸೆಸರು ಕೂರುವ ಚೌಕಕ್ಕೆ ಸಾಕೆಟ್ ಎಂದು ಹೆಸರು. ಇಂಟೆಲ್ ಸಂಸ್ಥೆಯು 2021ರಲ್ಲಿ ಹೊರತಂದ ಎಲ್‌ಜಿಎ 1700 ಎಂಬ ಸಾಕೆಟ್ಟಿನಲ್ಲಿ 1700 ಸಂಪರ್ಕಬಿಂದುಗಳಿವೆ. ಆ ಸಂಸ್ಥೆಯ 12, 13 ಮತ್ತು 14ನೆಯ ಪೀಳಿಗೆಯ ಮೇಜಿನ ಗಣಕಗಳ ಪ್ರೊಸೆಸರುಗಳು ಇದರಲ್ಲಿ ಕೂರುತ್ತವೆ. ಎಎಂಡಿ ಸಂಸ್ಥೆಯು 2022ರಲ್ಲಿ ತಂದ ಎಎಂ5 ಸಾಕೆಟ್ಟಿನಲ್ಲಿ 1718 ಬಿಂದುಗಳಿವೆ. ಒಂದರ ಪ್ರೊಸೆಸರು ಇನ್ನೊಂದರಲ್ಲಿ ಕೂರದು. ಈ ಎರಡು ಸಾಕೆಟ್ಟುಗಳಲ್ಲೂ ಕೂದಲೆಳೆಯಂಥ ಲೋಹದ ಮೊನೆಗಳು ಮದರ್‌ಬೋರ್ಡಿನಲ್ಲಿರುವುದರಿಂದ ಅವನ್ನು ಬೆರಳಿನಿಂದ ಮುಟ್ಟಲಾಗದು. ಒಂದು ಮೊನೆ ಬಾಗಿದರೂ ಇಡೀ ಹಲಗೆ ಕೆಡಬಹುದು.

ಮದರ್‌ಬೋರ್ಡುಗಳಿಗೂ ಅಳತೆಯುಂಟು. ಎಟಿಎಕ್ಸ್ ಹಲಗೆ 305 × 244 ಮಿಲಿಮೀಟರು, ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ಕ್ಯಾಬಿನೆಟ್ಟು ಯಾವ ಅಳತೆಯ ಹಲಗೆಯನ್ನು ಹಿಡಿಸುವುದು, ಅದರಲ್ಲಿ ಎಷ್ಟು ಉದ್ದದ ಗ್ರಾಫಿಕ್ಸ್ ಕಾರ್ಡಿಗೂ ಎಷ್ಟು ಎತ್ತರದ ಕೂಲರಿಗೂ ಎಡೆಯಿದೆ ಎಂಬುದನ್ನು ತಯಾರಕರ ಪಟ್ಟಿಯಿಂದ ಬರೆದಿಟ್ಟುಕೊಳ್ಳಬೇಕು.

2. ಸಂಕೇತ

ನಮ್ಮ ವಿದ್ಯಾರ್ಥಿಯು ಎಡವಿದ್ದು ಇಲ್ಲಿಯೇ. ಡಿಡಿಆರ್ 4, ಡಿಡಿಆರ್ 5 ಎಂಬ ಎರಡು ಬಗೆಯ ರ‍್ಯಾಮ್ ಪಟ್ಟಿಗಳಲ್ಲೂ ಸಂಪರ್ಕಬಿಂದುಗಳ ಸಂಖ್ಯೆ 288 ಆಗಿದ್ದು, ಹೊರನೋಟಕ್ಕೆ ಎರಡೂ ಒಂದೇ ಎನಿಸುತ್ತವೆ. ಆದರೆ ಮೊದಲನೆಯದು 1.2 ವೋಲ್ಟಿನಲ್ಲಿಯೂ ಎರಡನೆಯದು 1.1 ವೋಲ್ಟಿನಲ್ಲಿಯೂ ಕೆಲಸ ಮಾಡುತ್ತವೆ. ಸಂಕೇತಗಳ ಕ್ರಮವೂ ಬೇರೆ. ಆದುದರಿಂದಲೇ ಒಂದನ್ನು ಇನ್ನೊಂದರ ಸೀಳಿಗೆ ಹಾಕದಿರಲೆಂದು ಅಂಚಿನ ಕಚ್ಚನ್ನು ಬೇರೆ ಬೇರೆ ಸ್ಥಳದಲ್ಲಿ ಮಾಡಿರುತ್ತಾರೆ. ಕೂರದಿರುವುದು ತಯಾರಿಕೆಯ ದೋಷವಲ್ಲ. ಅದು ನಮಗೆ ಕೊಟ್ಟ ಎಚ್ಚರಿಕೆ. ಎಎಂ5 ಹಲಗೆಗಳೆಲ್ಲ ಡಿಡಿಆರ್ 5 ಅನ್ನೇ ಬೇಡುತ್ತವೆ. ಎಲ್‌ಜಿಎ 1700 ಹಲಗೆಗಳಲ್ಲಾದರೋ ಎರಡು ಬಗೆಯವೂ ಉಂಟು. ಸಾಕೆಟ್ಟಿನ ಹೆಸರನ್ನು ಮಾತ್ರ ನೋಡಿ ರ‍್ಯಾಮ್ ಕೊಂಡವನು ಮೋಸಹೋಗುವುದು ಇದರಿಂದಲೇ.

ಇನ್ನೆರಡು ಸಂಗತಿಗಳಿವೆ. ಸಾಕೆಟ್ಟು ಒಂದೇ ಆದರೂ, 12ನೆಯ ಪೀಳಿಗೆಯ ಕಾಲದಲ್ಲಿ ತಯಾರಾದ ಹಲಗೆಯು ಬಯಾಸ್ ಎಂಬ ತನ್ನ ಮೂಲ ತಂತ್ರಾಂಶವನ್ನು ಹೊಸದಾಗಿಸದ ಹೊರತು 13 ಅಥವಾ 14ನೆಯ ಪೀಳಿಗೆಯ ಪ್ರೊಸೆಸರನ್ನು ಗುರುತಿಸದು. ಕೊಳ್ಳುವಾಗಲೇ ಅಂಗಡಿಯಲ್ಲಿ ಈ ಕೆಲಸವನ್ನು ಮಾಡಿಸಿಕೊಳ್ಳುವುದು ಲೇಸು. ಎರಡನೆಯದಾಗಿ, ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗವಿಲ್ಲವೆಂದು ತಿಳಿಯಬೇಕು. "ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷ ಕೊಂಡರಾಯಿತು" ಎನ್ನುವವರು ಅಂಥದನ್ನು ಕೊಂಡರೆ ತೆರೆಯು ಅಲ್ಲಿಯವರೆಗೆ ಕತ್ತಲೆಯಾಗಿಯೇ ಇರುವುದು.

3. ವಿದ್ಯುತ್ತು

ಉದಾಹರಣೆಗೆ ಕೋರ್ ಐ5-12400ಎಫ್ ಪ್ರೊಸೆಸರನ್ನೂ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡನ್ನೂ ತೆಗೆದುಕೊಳ್ಳೋಣ. ತಯಾರಕರ ಲೆಕ್ಕದಂತೆ ಮೊದಲನೆಯದು ಹೆಚ್ಚೆಂದರೆ 117 ವಾಟು, ಎರಡನೆಯದು 115 ವಾಟು ಬಳಸುತ್ತದೆ. ಹಲಗೆ, ರ‍್ಯಾಮ್, ಡಿಸ್ಕ್, ಫ್ಯಾನುಗಳಿಗೆಂದು 58 ವಾಟು ಸೇರಿಸಿದರೆ ಒಟ್ಟು 290 ವಾಟು. ಕಾರ್ಡಿನ ತಯಾರಕರು 550 ವಾಟಿನ ಎಸ್‌ಎಂಪಿಎಸ್ ಇರಲಿ ಎನ್ನುತ್ತಾರೆ. ಇದು ದುಂದಲ್ಲ. ಕಾರ್ಡು ಕ್ಷಣಮಾತ್ರದ ಕಾಲ ತನ್ನ ಮಿತಿಯನ್ನು ಮೀರಿ ವಿದ್ಯುತ್ತನ್ನು ಸೆಳೆಯುವುದುಂಟು. ಆ ಸೆಳೆತವನ್ನು ತಾಳುವ ಶಕ್ತಿ ಬೇಕು.

ಈಗ ನಮ್ಮ ಹಳ್ಳಿಗಳ ಸ್ಥಿತಿಯನ್ನು ಯೋಚಿಸೋಣ. ಪಂಪುಸೆಟ್ಟುಗಳೆಲ್ಲ ಒಮ್ಮೆಗೇ ಓಡುವಾಗ ತಂತಿಯ ರೋಧದಿಂದಾಗಿ ಮನೆಗೆ ಬರುವ ವೋಲ್ಟೇಜು ಕುಸಿಯುತ್ತದೆ. ಆಗ ಬಲ್ಬು ಮಂಕಾಗಿ ಸುಮ್ಮನಾಗುತ್ತದೆ, ಎಸ್‌ಎಂಪಿಎಸ್ ಹಾಗಲ್ಲ. ಅದು ಒಳಗೆ ಕೊಡಬೇಕಾದ ವಾಟುಗಳನ್ನು ಕೊಟ್ಟೇ ತೀರಬೇಕು. ದಕ್ಷತೆ ನೂರಕ್ಕೆ 85 ಎಂದಿಟ್ಟುಕೊಂಡರೆ 290 ವಾಟು ಕೊಡಲು ಗೋಡೆಯಿಂದ 341 ವಾಟು ಬೇಕು. 230 ವೋಲ್ಟಿನಲ್ಲಿ ಇದಕ್ಕೆ ಸುಮಾರು 1.5 ಆಂಪಿಯರ್ ಸಾಕು. 170 ವೋಲ್ಟಿಗೆ ಇಳಿದಾಗ 2 ಆಂಪಿಯರ್ ಬೇಕು. ಪ್ರವಾಹ ಏರಿದಂತೆ ಎಸ್‌ಎಂಪಿಎಸ್ಸಿನ ಒಳಭಾಗಗಳು ಹೆಚ್ಚು ಕಾಯುತ್ತವೆ. ಅಗ್ಗದ ಕೆಲವು ಎಸ್‌ಎಂಪಿಎಸ್‌ಗಳ ಮೇಲೆ "200–240 ವೋಲ್ಟ್" ಎಂದೂ, ಒಳ್ಳೆಯವುಗಳ ಮೇಲೆ "100–240 ವೋಲ್ಟ್" ಎಂದೂ ಅಚ್ಚಾಗಿರುತ್ತದೆ. ತೊಗರ್ಸಿಯಂಥ ಊರಿನವರು ಎರಡನೆಯದನ್ನೇ ಆರಿಸಬೇಕು.

ಯುಪಿಎಸ್ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಕೊಡುವುದು 360 ವಾಟು ಮಾತ್ರ. ನಮ್ಮ 341ಕ್ಕೆ ತೆರೆಯ 30 ವಾಟನ್ನು ಸೇರಿಸಿದರೆ 371 ಆಯಿತು! ಆಟದ ನಡುವೆ ವಿದ್ಯುತ್ತು ಹೋದರೆ ಯುಪಿಎಸ್ಸೂ ಜೊತೆಗೇ ಕೈಬಿಡುವುದು. 1000 ವಿಎ ಇದ್ದರೆ ಚಿಂತೆಯಿಲ್ಲ.

4. ವೇಗ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯು ಗಣಕಯಂತ್ರಕ್ಕೂ ಸಲ್ಲುತ್ತದೆ. ಆಟದ ಪ್ರತಿಯೊಂದು ಚಿತ್ರಕ್ಕೂ ಮೊದಲು ಪ್ರೊಸೆಸರು ಲೆಕ್ಕ ಹಾಕುತ್ತದೆ, ಬಳಿಕ ಕಾರ್ಡು ಅದನ್ನು ಬಿಡಿಸುತ್ತದೆ. ಕಾರ್ಡು ಒಂದನ್ನು ಬಿಡಿಸುತ್ತಿರುವಾಗ ಪ್ರೊಸೆಸರು ಮುಂದಿನದನ್ನು ಸಿದ್ಧಪಡಿಸುತ್ತದೆ. ಪ್ರೊಸೆಸರಿಗೆ 10 ಮಿಲಿಸೆಕೆಂಡೂ ಕಾರ್ಡಿಗೆ 25 ಮಿಲಿಸೆಕೆಂಡೂ ಬೇಕಾದರೆ, ಸೆಕೆಂಡಿಗೆ ಮೂಡುವ ಚಿತ್ರಗಳು 1000 ÷ 25, ಎಂದರೆ 40. ಎರಡರಷ್ಟು ವೇಗದ ಪ್ರೊಸೆಸರನ್ನು ತಂದರೂ ಅವು 40 ಆಗಿಯೇ ಉಳಿಯುತ್ತವೆ. ನಿಧಾನವಾದುದೇ ಇಬ್ಬರ ನಡಿಗೆಯನ್ನೂ ನಿರ್ಧರಿಸುತ್ತದೆ.

ಆದಕಾರಣ ಮೊದಲು ತೆರೆಯನ್ನು ಗೊತ್ತುಮಾಡಬೇಕು. 1920 × 1080 ತೆರೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದರೆ, 3840 × 2160 ತೆರೆಯಲ್ಲಿ ಅದರ ನಾಲ್ಕರಷ್ಟಿವೆ. ಕಾರ್ಡಿನ ದುಡಿಮೆಯೂ ಅದರೊಡನೆ ಏರುತ್ತದೆ. ಮೊದಲ ಯಂತ್ರಕ್ಕೆ ಚಿಕ್ಕ ತೆರೆಯೇ ಸಾಕು. ರ‍್ಯಾಮನ್ನು 16 ಜಿಬಿಯ ಒಂದೇ ಪಟ್ಟಿಯಾಗಿ ಕೊಳ್ಳುವುದರ ಬದಲು 8 ಜಿಬಿಯ ಎರಡು ಪಟ್ಟಿಗಳಾಗಿ ಕೊಳ್ಳುವುದು ಮೇಲು. ಡಿಡಿಆರ್ 4-3200 ಆದರೆ ಒಂದು ದಾರಿಯಲ್ಲಿ ಸೆಕೆಂಡಿಗೆ 25.6 ಜಿಬಿ, ಎರಡು ದಾರಿಗಳಲ್ಲಿ 51.2 ಜಿಬಿ ಮಾಹಿತಿ ಹರಿಯಬಲ್ಲುದು.

ಒಟ್ಟಿನಲ್ಲಿ ಹೇಳುವುದಾದರೆ, ಮೊದಲು ತೆರೆ, ಅದಕ್ಕೆ ತಕ್ಕ ಕಾರ್ಡು, ಕಾರ್ಡಿಗೆ ಜೊತೆಯಾಗುವ ಪ್ರೊಸೆಸರು, ಬಳಿಕ ಹಲಗೆ, ರ‍್ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್ಟು: ಈ ಕ್ರಮದಲ್ಲಿ ಕಾಗದದ ಮೇಲೆ ಪಟ್ಟಿಮಾಡಿ, ಒಂದೊಂದು ಜೋಡಿಗೂ ಮೇಲಿನ ನಾಲ್ಕು ಪ್ರಶ್ನೆಗಳನ್ನು ಹಾಕಬೇಕು. ಎಲ್ಲಕ್ಕೂ ಉತ್ತರ ದೊರೆತ ಮೇಲೆಯೇ ಬಸ್ಸು ಹತ್ತಬೇಕು.

ಆ ವಿದ್ಯಾರ್ಥಿಯು ತಂದೆಯನ್ನು ಮತ್ತೆ ಹಣ ಕೇಳಲಿಲ್ಲ. ಅಡಿಕೆಯ ಸುಗ್ಗಿಯಲ್ಲಿ ರಾತ್ರಿಗಳಲ್ಲಿ ಸುಲಿಯುವ ಕೆಲಸಕ್ಕೆ ಹೋಗಿ, ಕೂಲಿಯ ಹಣದಿಂದ ಡಿಡಿಆರ್ 4 ಪಟ್ಟಿಗಳನ್ನು ಕೊಂಡನು. ಅವು ಕಟ್ ಎಂಬ ಸದ್ದಿನೊಡನೆ ಸೀಳಿನಲ್ಲಿ ಕುಳಿತವು. ಒತ್ತಬೇಕಾದ ಪ್ರಸಂಗವೇ ಬರಲಿಲ್ಲ.

ಅಭ್ಯಾಸ: ಆಟದ ಚಿತ್ರದ ಅಳತೆಯನ್ನು ಕಿರಿದುಮಾಡಿದಾಗ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಏರಿದರೆ, ಎಡೆತಡೆಯು ಪ್ರೊಸೆಸರಿನಲ್ಲಿತ್ತೋ ಕಾರ್ಡಿನಲ್ಲಿತ್ತೋ? ಕಾರಣಸಹಿತ ಉತ್ತರಿಸಿರಿ.